ರಿವರ್‌ನಲ್ಲಿ ಮೂರನೇ ಹಾರ್ಟ್ ಬಿದ್ದಾಗ
ಪೋಕರ್ ಆಟದಲ್ಲಿ ನಿಮ್ಮದು ಒಂಬತ್ತರ ಸೆಟ್, ಅಂದರೆ ಮೂರು ಒಂಬತ್ತು. ರಿವರ್‌ನಲ್ಲಿ (ಮೇಜಿನ ಮೇಲೆ ತೆರೆಯುವ ಕೊನೆಯ ಎಲೆ) ಮೂರನೇ ಹಾರ್ಟ್ ಬಿತ್ತು, ಅದುವರೆಗೆ ಎರಡು ಸಲ ನಿಮ್ಮ ಬೆಟ್‌ಗೆ ಸಮನಾಗಿ ಹಣ ಹಾಕಿ ಕಾಲ್ ಮಾಡಿದ್ದ ಎದುರಾಳಿ ಪಾಟ್‌ನಷ್ಟೇ (ಮಧ್ಯದಲ್ಲಿ ಸೇರಿದ ಹಣದಷ್ಟೇ) ಬೆಟ್ ಹಾಕಿದರು. ರೇಸ್ ಮಾಡಬೇಕಿತ್ತಾ, ಅಂದರೆ ಬೆಟ್ ಇನ್ನೂ ಏರಿಸಬೇಕಿತ್ತಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಬೇಡ. ರೇಸ್ ಮಾಡಿದರೆ ಎರಡು ಜೋಡಿ ಇದ್ದವರೂ ಎಲೆ ಬಿಸಾಕಬಹುದು, ಫ್ಲಶ್ (ಒಂದೇ ಗುರುತಿನ ಐದು ಎಲೆ, ಸೆಟ್‌ಗಿಂತ ದೊಡ್ಡದು) ಇದ್ದವರು ಖುಷಿಯಿಂದ ಉಳಿಯುತ್ತಾರೆ. ಹಾಗಂತ ಹೆದರಿ ಫೋಲ್ಡ್ ಮಾಡಬೇಡಿ, ಅಂದರೆ ಎಲೆ ಬಿಸಾಕಬೇಡಿ. ಪಾಟ್ 100, ಬೆಟ್ 100 ಅಂದರೆ ನೀವು 100 ಹಾಕಿ 200 ಗೆಲ್ಲಲು ಆಡುತ್ತೀರಿ. ಮೂರರಲ್ಲಿ ಒಂದು ಸಲ ಗೆದ್ದರೆ ಲೆಕ್ಕ ಸರಿಹೋಗುತ್ತದೆ. ಕಾಲ್ ಮಾಡಿ, ಅಷ್ಟೇ.

ಆದರೆ ಎದುರಿನವರು ಬ್ಲಫ್ ಮಾಡೋದೇ ಇಲ್ಲದ ಸಾಧು ಆಟಗಾರರಾ? ಆಗ ಫೋಲ್ಡೇ ಸರಿ, ಸೆಟ್ ಮೇಲಿನ ಮೋಹ ಬಿಡಬೇಕು! ಅವರು ಬೆಟ್ ಹಾಕದೆ ಚೆಕ್ ಮಾಡಿದ್ದರೆ ನೀವು ಪಾಟ್‌ನ ಮೂರನೇ ಒಂದು ಭಾಗ ಬೆಟ್ ಹಾಕಬಹುದಿತ್ತು. ಒಂದು ಕಿಂಗ್ ಜೋಡಿಯಾದರೂ ಕಾಲ್ ಮಾಡುತ್ತಿತ್ತು, ಅಲ್ವಾ?