ಬೋನಸ್ ಕೊಟ್ಟರೂ ಕೆಲಸದವರಿಗೆ ಉಮೇದಿಲ್ಲ, ಏನು ಮಾಡಲಿ?

ಪ್ರಶ್ನೆ: ಶಿರಸಿ ಹತ್ತಿರ ನಮ್ಮದೊಂದು ಅಡಿಕೆ ಸುಲಿಯುವ, ದರ್ಜೆ ಪ್ರಕಾರ ಆರಿಸಿ ಬೇರೆ ಮಾಡುವ ಘಟಕ ಇದೆ. 14 ಜನ ಕೆಲಸಕ್ಕೆ ಬರುತ್ತಾರೆ. ದೀಪಾವಳಿಗೆ ಬೋನಸ್ ಕೊಟ್ಟೆ, ಕೂಲಿಯನ್ನೂ ಏರಿಸಿದೆ. ಒಂದು ತಿಂಗಳು ಚೆನ್ನಾಗಿತ್ತು, ಈಗ ಮತ್ತೆ ಹಳೇ ಕತೆ. ಹೇಳಿದಷ್ಟೇ ಮಾಡುತ್ತಾರೆ. ಅವರು ಆರಿಸಿದ್ದನ್ನು ಸಂಜೆ ನಾನೇ ಮತ್ತೆ ಸುರಿದು ನೋಡಬೇಕು. ವ್ಯಾಪಾರ ಬೆಳೆಸಲು ಪುರುಸೊತ್ತೇ ಸಿಗುತ್ತಿಲ್ಲ.
– ಓದುಗರು, ಶಿರಸಿ

ಉತ್ತರ: ಕೂಲಿ ಏರಿಸಿ ಒಳ್ಳೆಯದು ಮಾಡಿದಿರಿ. ಆದರೆ ದುಡ್ಡಿನಿಂದ ಆಗುವುದು ಅಷ್ಟೇ. 1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಸುಮಾರು 200 ಇಂಜಿನಿಯರ್ ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿದರು. ಕೆಲಸದಲ್ಲಿ ಯಾವಾಗ ತುಂಬಾ ಖುಷಿಯಾಯಿತು, ಯಾವಾಗ ಬೇಸರವಾಯಿತು ಎಂದು ಕೇಳಿದರು. ಬೇಸರದ ಮಾತಲ್ಲಿ ಜಾಸ್ತಿ ಬಂದದ್ದು ಕಂಪನಿಯ ನಿಯಮ, ಮೇಲಿನವರ ನಡವಳಿಕೆ. ಖುಷಿಯ ಮಾತಲ್ಲಿ ಬಂದದ್ದು ಒಂದು ಕೆಲಸ ಸಾಧಿಸಿದ್ದು, ಅದನ್ನು ಯಾರೋ ಗುರುತಿಸಿದ್ದು, ಜವಾಬ್ದಾರಿ ಸಿಕ್ಕಿದ್ದು. ಕೂಲಿ ಕಡಿಮೆಯಾದರೆ ಮನಸ್ಸು ಮುರಿಯುತ್ತದೆ, ನಿಜ. ಸಾಕಷ್ಟು ಸಿಕ್ಕಿತು ಅಂತ ಉಮೇದು ತಾನಾಗಿ ಬರುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಆ ಸಂಜೆಯ ವಿಷಯ. ಒಳ್ಳೆಯದು ಚಾಲಿ, ಅದಕ್ಕಿಂತ ಕೆಳಗಿನ ದರ್ಜೆಯವು ಬಿಳೆಗೋಟು, ಕೋಕಾ ಎಂದು ಬೆಳಗಿನಿಂದ ಕೂತು ಬೇರೆ ಮಾಡಿದವರ ಎದುರಿಗೇ ನೀವು ಚೀಲ ಸುರಿಯುತ್ತೀರಿ. ಒಂದು ಮಾತೂ ಬೈಯದಿದ್ದರೂ, ತಮ್ಮ ಕಣ್ಣಿಗೆ ಇಲ್ಲಿ ಬೆಲೆ ಇಲ್ಲ ಅಂತ ಅವರಿಗೆ ಗೊತ್ತಾಗುತ್ತದೆ. ಮರುದಿನ ಅನುಮಾನ ಬಂದ ಅಡಿಕೆಯನ್ನು ತಿರುಗಿಸಿ ನೋಡುವುದನ್ನೂ ಬಿಡುತ್ತಾರೆ. ಹೇಗೂ ಸಂಜೆ ಯಜಮಾನರು ನೋಡುತ್ತಾರಲ್ವಾ?

ನಿಮ್ಮಲ್ಲಿ ಯಾರ ಕಣ್ಣು ಚುರುಕು ಎಂದು ನಿಮಗೆ ಗೊತ್ತೇ ಇರುತ್ತದೆ. ಆರಿಸುವ ಜವಾಬ್ದಾರಿ ಅವರಿಗೇ ಬಿಡಿ. ಇದು ಯಾವ ದರ್ಜೆ ಎಂಬ ಕೊನೆಯ ಮಾತು ಅವರದ್ದೇ ಆಗಲಿ. ನೀವು ಪ್ರತಿ ಲಾಟಿನಿಂದ ಒಂದು ಬೊಗಸೆ ತೆಗೆದು, ಅವರ ಜೊತೆಗೇ ಕೂತು ನೋಡಿ, ಸಾಕು. ಮಾಲು ಟೆಂಡರಿಗೆ ಹೋದ ದಿನ ಎಷ್ಟು ದರ ಬಿತ್ತು ಎಂದು ಎಲ್ಲರಿಗೂ ಹೇಳಿ. ಸುಮ್ನೆ 'ಚೆನ್ನಾಗಿದೆ' ಅನ್ನುವುದಕ್ಕಿಂತ 'ಈ ಲಾಟಿನಲ್ಲಿ ಒಂದೂ ಕೋಕಾ ಸಿಗಲಿಲ್ಲ' ಅನ್ನುವ ಮಾತು ಮನಸ್ಸಿಗೆ ತಾಗುತ್ತದೆ. ಇನ್ನೊಂದು, ಆರಿಸುವವರಿಗೆ ಕೆಜಿ ಲೆಕ್ಕದ ಕೂಲಿ ಇದ್ದರೆ ದಿನಗೂಲಿಗೆ ಬದಲಿಸಿ. ಕೆಜಿಗೆ ದುಡ್ಡು ಕೊಟ್ಟು ಜಾಗ್ರತೆ ಕೇಳಿದರೆ ಹೇಗೆ?

ಸುಲಿಯುವ ಯಂತ್ರ ಕೆಟ್ಟಾಗ ಪೇಟೆಯಿಂದ ಮೆಕ್ಯಾನಿಕ್ ಬರುವ ತನಕ ಕಾಯುತ್ತೀರಾ? ಆಸಕ್ತಿ ಇರುವ ಹುಡುಗನೊಬ್ಬನಿಗೆ ಅದನ್ನು ಕಲಿಸಿ. ಕೈಗೆ ಹೊಸ ಕಸುಬು ಹತ್ತಿದವನು ಅಷ್ಟು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ.

ಇಲ್ಲಿ ನೀವು ಕಲಿಯಬೇಕಾದದ್ದೂ ಇದೆ, ಅದೇ ಕಷ್ಟದ್ದು. ನಮ್ಮ ಯಕ್ಷಗಾನದಲ್ಲಿ ಆಟ ನಡೆಸುವವರು ಭಾಗವತರು. ಹಾಗಂತ ವೇಷದವರು ಆಡಬೇಕಾದ ಮಾತನ್ನೆಲ್ಲ ತಾವೇ ಹೇಳುವುದಿಲ್ಲ. ಮೊದಲ ಕೆಲವು ವಾರ ತಪ್ಪು ಬಂದೇ ಬರುತ್ತದೆ, ಸ್ವಲ್ಪ ನಷ್ಟವೂ ಆದೀತು. ಆಗ ಚೀಲಕ್ಕೆ ಕೈ ಹಾಕಬೇಡಿ. ತಪ್ಪಿದ ಅಡಿಕೆಯನ್ನು ಅವರ ಕೈಗೇ ಕೊಟ್ಟು, ಇದನ್ನು ಯಾಕೆ ಚಾಲಿಗೆ ಹಾಕಿದಿರಿ ಎಂದು ಕೇಳಿ. ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡ ಮೇಲೆ ನಿಮ್ಮ ಮಾತು ಹೇಳಿ.