ಬಾಡಿಗೆ ಮನೆಯವರಿಗೂ ಬಡಾವಣೆಯಲ್ಲಿ ಪಾಲಿದೆ

ಮಾನ್ಯರೇ,

ಹಾವೇರಿ ಜಿಲ್ಲೆಯಿಂದ ಬಂದು, ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುತ್ತ, ಹೆಗ್ಗನಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ರಾಜ್ಯೋತ್ಸವಕ್ಕೂ ಅಣ್ಣಮ್ಮ ದೇವಿಯನ್ನು ಕೂರಿಸುವುದಕ್ಕೂ ಚಂದಾ ಕೇಳಲು ಬಾಗಿಲಿಗೆ ಬರುವವರೇ, ಚರಂಡಿ ಕಟ್ಟಿಕೊಂಡ ವಿಷಯ ಮಾತನಾಡಲು ಹೋದಾಗ ‘ನೀವು ಬಾಡಿಗೆಯವರು, ಇವತ್ತು ಇದ್ದು ನಾಳೆ ಹೋಗುವವರು’ ಎನ್ನುತ್ತಾರೆ. ಹೀಗಿರುವಾಗ ಬಡಾವಣೆಯ ಆಗುಹೋಗುಗಳಲ್ಲಿ ನಮಗೆ ಮಾತಿದೆಯೇ ಎಂಬುದು ಮೊದಲನೆಯದು. ವಾರಕ್ಕೊಂದೇ ರಜೆಯಿರುವ ನಾನು ಮತ್ತು ಗಾರ್ಮೆಂಟ್ಸ್‌ಗೆ ಹೋಗುವ ನನ್ನ ಹೆಂಡತಿ ಏನಾದರೂ ಮಾಡುವುದಾದರೆ ಎಲ್ಲಿಂದ ತೊಡಗಬೇಕು, ನಮ್ಮ ಜಿಲ್ಲೆಯವರೆಲ್ಲ ಸೇರಿ ಒಂದು ಸಂಘ ಕಟ್ಟಿದರೆ ಹೇಗೆ ಎಂಬುದು ಎರಡನೆಯದು.

ಮೊದಲನೆಯದಕ್ಕೆ ನನ್ನ ಉತ್ತರದಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಮತದಾರರ ಪಟ್ಟಿಯ ವಿಷಯವನ್ನೇ ನೋಡಿ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯು ಒಂದು ಕ್ಷೇತ್ರದಲ್ಲಿ ಮನೆಯ ಒಡೆತನವಿದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅಲ್ಲಿಯ ವಾಸಿ ಎಂದು ಪರಿಗಣಿಸುವುದಿಲ್ಲ. ಅದು ಕೇಳುವುದು ನೀವು ಸಾಮಾನ್ಯವಾಗಿ ಎಲ್ಲಿ ವಾಸವಾಗಿದ್ದೀರಿ ಎಂಬುದನ್ನು. ತೆರಿಗೆ ಕಟ್ಟುವವರು ಮಾಲೀಕರಲ್ಲವೇ ಎಂಬ ಮಾತಿಗೂ ಇದೇ ಉತ್ತರ. ಮಾಲೀಕರು ಕಟ್ಟುವ ಆಸ್ತಿ ತೆರಿಗೆಯೂ, ಅದರ ಜೊತೆಗೆ ಹೋಗುವ ಗ್ರಂಥಾಲಯ ಕರವೂ ನೀವು ತಿಂಗಳು ತಿಂಗಳು ಕೊಡುವ ಬಾಡಿಗೆಯಿಂದಲೇ ಹುಟ್ಟುತ್ತವೆ. ಪೀಣ್ಯದ ಕಾರ್ಖಾನೆಗಳ ಸುತ್ತ ಹೆಗ್ಗನಹಳ್ಳಿ, ಲಗ್ಗೆರೆ, ರಾಜಗೋಪಾಲನಗರಗಳು ಇಷ್ಟು ದಟ್ಟವಾಗಿ ಬೆಳೆದದ್ದು ಕೆಲಸ ಹುಡುಕಿಕೊಂಡು ಬಂದವರಿಂದ. ಇಂದು ಮೂರಂತಸ್ತಿನ ಮನೆಯ ಒಡೆಯರಾಗಿರುವ ಎಷ್ಟೋ ಮಂದಿ ಒಂದು ಕಾಲಕ್ಕೆ ಇದೇ ಬೀದಿಗಳಲ್ಲಿ ಬಾಡಿಗೆಗಿದ್ದವರು. ಅವರ ಮಾತಿನಿಂದ ನೊಂದುಕೊಳ್ಳಬೇಡಿ. ಅದನ್ನು ಒಪ್ಪಿಕೊಳ್ಳಲೂ ಬೇಡಿ.

ಆದರೆ ನಿಮ್ಮ ಹಕ್ಕು ಕಾಗದದ ಮೇಲಿದ್ದರೂ ಅದನ್ನು ಚಲಾಯಿಸುವ ಬಾಗಿಲು ಹಲವು ಕಾಲ ಮುಚ್ಚಿತ್ತು ಎಂಬುದನ್ನೂ ಹೇಳಬೇಕು. ನಿಮ್ಮ ಭಾಗದ ದಾಸರಹಳ್ಳಿ ನಗರಸಭೆ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿಹೋಯಿತು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. 2025ರಲ್ಲಿ ಪಾಲಿಕೆಯನ್ನೇ ಐದಾಗಿ ಒಡೆಯಲಾಯಿತು. 74ನೇ ತಿದ್ದುಪಡಿಯ ಮೂಲಕ ಸಂವಿಧಾನವು ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿಗಳನ್ನು ಕೊಟ್ಟಿದೆಯಾದರೂ, ಚುನಾಯಿತ ಸದಸ್ಯರಿಲ್ಲದ ಕಾಲದಲ್ಲಿ ಅವು ಬಡಾವಣೆಯ ಬಡವರ ಕೈಗೆ ಎಟುಕಲಿಲ್ಲ. ಆ ಜಾಗವನ್ನು ಫ್ಲೆಕ್ಸ್‌ಗಳಲ್ಲಿ ನಗುವ ಮುಖಂಡರು ತುಂಬಿಕೊಂಡರು. ನಿಮ್ಮ ಉತ್ಸಾಹ ಕಂಡರೆ ಅವರಲ್ಲೊಬ್ಬರು ನಿಮ್ಮ ಭಾವಚಿತ್ರವನ್ನೂ ಮುಂದಿನ ಫ್ಲೆಕ್ಸ್‌ನ ಕೆಳಸಾಲಿಗೆ ಸೇರಿಸಲು ಮುಂದಾಗಬಹುದು. ದಯವಿಟ್ಟು ಬೇಡವೆನ್ನಿ. ಒಮ್ಮೆ ಒಬ್ಬರ ಕಡೆಯವರೆಂದು ಹೆಸರಾದರೆ ಉಳಿದ ಅರ್ಧ ಬೀದಿ ನಿಮ್ಮ ಮಾತಿಗೆ ಕಿವಿಗೊಡುವುದಿಲ್ಲ.

ಎಲ್ಲಿಂದ ತೊಡಗಬೇಕೆಂಬುದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಮಗಳು ಸರ್ಕಾರಿ ಶಾಲೆಯ ನಾಲ್ಕನೇ ತರಗತಿಯಲ್ಲಿ ಓದುತ್ತಿದ್ದಾಳೆಂದು ಕೊನೆಯಲ್ಲಿ ಬರೆದಿದ್ದೀರಿ. ಶಾಲೆಯಿಂದಲೇ ತೊಡಗಿ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಇಂಥ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದೂ ಹೇಳುತ್ತದೆ. ಸ್ವಂತ ಮನೆಯಾಗಲಿ, ಊರಿನ ಮೂಲವಾಗಲಿ, ವಿದ್ಯಾರ್ಹತೆಯಾಗಲಿ ಅಲ್ಲಿ ಲೆಕ್ಕಕ್ಕಿಲ್ಲ. ಮಗು ಆ ಶಾಲೆಯಲ್ಲಿದ್ದರೆ ಸಾಕು. ಶಾಲೆಯ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದು, ಬಂದ ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಆ ಸಮಿತಿಯ ಕೆಲಸಗಳು. ಸಭೆಗಳು ಕೆಲಸದ ದಿನಗಳಲ್ಲೇ ನಡೆಯುವುದರಿಂದ ಅನೇಕ ಪೋಷಕರ ಪಾಲಿಗೆ ಅದು ಸಹಿ ಹಾಕಿ ಬರುವ ಕಾಗದದ ಸಮಿತಿಯಾಗಿದೆ. ನಿಮಗೆ ಎರಡನೇ ಪಾಳಿ ಇರುವ ವಾರಗಳಲ್ಲಿ ಬೆಳಗಿನ ಹೊತ್ತು ಬಿಡುವಿರುತ್ತದೆ. ಪಾಳಿಯ ಪಟ್ಟಿಯನ್ನು ಮುಖ್ಯ ಶಿಕ್ಷಕರಿಗೆ ಮೊದಲೇ ತೋರಿಸಿ, ಸಭೆಯ ದಿನವನ್ನು ಅದಕ್ಕೆ ಹೊಂದಿಸಲಾಗುವುದೇ ಎಂದು ಕೇಳಿ.

ಸಮಿತಿಗೆ ಆಯ್ಕೆಯಾಗುವವರೆಗೂ ಕಾಯಬೇಕಾಗಿಲ್ಲ. ಕೆಲಸಕ್ಕೆಂದು ರಾಯಚೂರು, ಕಲಬುರಗಿಗಳಿಂದ, ಬಿಹಾರ, ಒಡಿಶಾಗಳಿಂದ ವರ್ಷದ ನಡುವೆ ಬಂದಿಳಿಯುವ ಕುಟುಂಬಗಳು ನಿಮ್ಮ ವಠಾರದಲ್ಲೂ ಇರಬಹುದು. ಟಿಸಿ ತಂದಿಲ್ಲ, ಜನನ ಪ್ರಮಾಣಪತ್ರವಿಲ್ಲ, ದಾಖಲಾತಿಯ ಕಾಲ ಮುಗಿಯಿತು ಎಂದುಕೊಂಡು ಅವರು ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ದೊಡ್ಡ ಹುಡುಗಿ ಚಿಕ್ಕ ತಮ್ಮನನ್ನು ನೋಡಿಕೊಳ್ಳುತ್ತ ಆ ವರ್ಷ ಕಳೆದುಹೋಗುತ್ತದೆ. ಈ ಮೂರು ಕಾರಣಗಳಲ್ಲಿ ಯಾವುದಕ್ಕಾಗಿಯೂ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ ಎಂಬುದು ಅದೇ ಕಾಯ್ದೆಯ ಮಾತು. ಇದನ್ನು ತಿಳಿದ ಒಬ್ಬರು ಆ ತಂದೆತಾಯಿಯರ ಜೊತೆ ಶಾಲೆಯ ಕಚೇರಿವರೆಗೆ ನಡೆದುಹೋಗುವುದು ಎಷ್ಟು ದೊಡ್ಡ ಸಹಾಯವೆಂಬುದನ್ನು, ಹೊಸ ಊರಿನಲ್ಲಿ ಯಾರ ಗುರುತೂ ಇಲ್ಲದೆ ಬದುಕು ಆರಂಭಿಸಿದ ನಿಮಗೆ ನಾನು ವಿವರಿಸಬೇಕಾಗಿಲ್ಲ. ಬಡಾವಣೆಯಲ್ಲಿ ನೀವು ಮಾಡಬಹುದಾದ ಕೆಲಸಗಳಲ್ಲಿ ನಾನು ಇದನ್ನೇ ಮೊದಲಿಗೆ ಇಡುತ್ತೇನೆ.

ನಿಮ್ಮ ಮಡದಿಯವರ ವಿಷಯದಲ್ಲಿ ಒಂದು ಮಾತನ್ನು ಸಲಿಗೆಯಿಂದ ಹೇಳುತ್ತೇನೆ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕುಳಿತು ಟಾರ್ಗೆಟ್ ಮುಗಿಸಿ ಬಂದು ಮತ್ತೆ ಒಲೆ ಹಚ್ಚುವವರ ಮೇಲೆ ಸಮಾಜಸೇವೆಯನ್ನೂ ಹೇರಿದರೆ ಅದು ನ್ಯಾಯವಲ್ಲ. ಅವರು ಸಭೆಗೆ ಹೋಗುವ ಸಂಜೆ ಅಡುಗೆ ನಿಮ್ಮದಾಗಲಿ. ಅವರಿಗೆ ಸಂಘಟನೆಯ ಅನುಭವವಿಲ್ಲ ಎಂದು ಬರೆದಿದ್ದೀರಿ. ಆ ಮಾತನ್ನು ನಾನು ಒಪ್ಪಲಾರೆ. ಭವಿಷ್ಯನಿಧಿಯ ಹಣವನ್ನು ಪೂರ್ತಿಯಾಗಿ ಹಿಂಪಡೆಯದಂತೆ ತಡೆಯುವ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದರು. ಎರಡೇ ದಿನಗಳಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಅವರನ್ನು ಕರೆದು ತಂದ ದೊಡ್ಡ ನಾಯಕರಿರಲಿಲ್ಲ. ಅಕ್ಕಪಕ್ಕದ ಯಂತ್ರದವರು, ಒಂದೇ ವಠಾರದವರು ಪರಸ್ಪರ ಬಲ್ಲವರಾಗಿದ್ದರೆಂಬುದೇ ಆ ಹೋರಾಟದ ಬಲವಾಗಿತ್ತೆಂದು ನಾನು ತಿಳಿಯುತ್ತೇನೆ. ಎಸ್‌ಡಿಎಂಸಿಯ ಅರ್ಧ ಸ್ಥಾನಗಳಿಗೆ ಇಂಥವರೇ ಬರಬೇಕು.

ಇನ್ನು ಜಿಲ್ಲೆಯ ಸಂಘ. ಊರಿನವರು ಸೇರಿ ಹಬ್ಬ ಮಾಡುವುದು, ಯಾರಾದರೂ ತೀರಿಕೊಂಡರೆ ಶವವನ್ನು ಊರಿಗೆ ಸಾಗಿಸಲು ಹಣ ಕೂಡಿಸುವುದು ಬೇಕಾದ ಕೆಲಸಗಳೇ. ಅದಕ್ಕಾಗಿ ಸಂಘ ಕಟ್ಟುವುದಾದರೆ ಚಂದಾಕ್ಕೆ ರಸೀದಿ, ಖರ್ಚಿಗೆ ಬರೆದಿಟ್ಟ ಲೆಕ್ಕ ಎರಡೂ ಮೊದಲ ದಿನದಿಂದ ಇರಲಿ. ಆದರೆ ಚರಂಡಿ, ಬೀದಿದೀಪ, ನೀರಿನ ವಿಷಯಗಳನ್ನು ಆ ಸಂಘದ ಹೆಸರಿನಲ್ಲಿ ಎತ್ತಬೇಡಿ. ನಿಮ್ಮ ಬೀದಿಯ ಚರಂಡಿ ತಮಿಳು ಮಾತನಾಡುವವರ ಮನೆಯ ಮುಂದೆಯೂ, ತುಮಕೂರಿನವರ ಮನೆಯ ಮುಂದೆಯೂ ಹರಿಯುತ್ತದೆ. ಅರ್ಜಿಗೆ ಅವರೆಲ್ಲರ ಸಹಿಯೂ, ಸಾಧ್ಯವಾದರೆ ನಿಮ್ಮನ್ನು ಬಾಡಿಗೆಯವರೆಂದು ಕರೆದ ಆ ಮಾಲೀಕರ ಸಹಿಯೂ ಬೇಕು. ಮಗಳ ಶಾಲೆಯಲ್ಲಿ ಒಂದು ವರ್ಷ ದುಡಿದ ಬಳಿಕ ಆ ಸಹಿ ಕೇಳಲು ಹೋಗಿ. ಅದುವರೆಗೆ ಅವರ ಮೊಮ್ಮಕ್ಕಳೂ ಅಲ್ಲೇ ಓದುತ್ತಿದ್ದಾರೆಯೇ ಎಂದು ಶಿಕ್ಷಕರಲ್ಲಿ ವಿಚಾರಿಸಿಟ್ಟುಕೊಳ್ಳಿ.

— ಸಂಪಾದಕ