ಹೊರಗಿನ ಹಾರ್ಡ್ ಡಿಸ್ಕ್ ಒಮ್ಮೆ ಇ, ಇನ್ನೊಮ್ಮೆ ಎಫ್ ಎಂದು ಬರುತ್ತದೆ. ಒಂದೇ ಅಕ್ಷರದಲ್ಲಿ ನಿಲ್ಲಿಸುವುದು ಹೇಗೆ?

ಮನೆಯ ಫೋಟೋಗಳಿರುವ ಹಾರ್ಡ್ ಡಿಸ್ಕ್ ಕೆಲವು ದಿನ ಎಫ್ ಆಗಿಬಿಡುತ್ತದೆ, ಅಂದು ಬ್ಯಾಕಪ್ ನಡೆಯುವುದಿಲ್ಲ, ಡಿಸ್ಕ್ ಕೆಡುತ್ತಿದೆಯೇ ಎಂದು ಕೇಳಿದ್ದೀರಿ. ಅಕ್ಷರ ಬದಲಾಗುವುದೊಂದೇ ತೊಂದರೆಯಾದರೆ ಡಿಸ್ಕಿಗೆ ಏನೂ ಆಗಿಲ್ಲ, ಗಾಬರಿ ಬೇಡ.

ಆ ದಿನಗಳಲ್ಲಿ ನೀವು ಮೊದಲು ಯಾವುದೋ ಪೆನ್ ಡ್ರೈವ್ ಚುಚ್ಚಿರುತ್ತೀರಿ. ವಿಂಡೋಸ್ ಸಿ ನಂತರ ಖಾಲಿ ಇರುವ ಮೊದಲ ಅಕ್ಷರವನ್ನು ಬಂದವರಿಗೆ ಕೊಡುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ, ಪೆನ್ ಡ್ರೈವ್ ಇ ಸೀಟು ಹಿಡಿದರೆ ಆಮೇಲೆ ಬಂದ ಡಿಸ್ಕ್ ಎಫ್‌ಗೆ ಹೋಗಿ ಕೂರುತ್ತದೆ. ಬ್ಯಾಕಪ್ ತಂತ್ರಾಂಶ ಮಾತ್ರ ಇ ಡ್ರೈವನ್ನೇ ಹುಡುಕುತ್ತಿರುತ್ತದೆ.

ನಾನು ಡಿಟಿಪಿ ಕೆಲಸದವನು. ಒಮ್ಮೆ ಸ್ಮರಣ ಸಂಚಿಕೆಯೊಂದನ್ನು ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕಿತ್ತು. ರಾತ್ರಿ ಫೈಲ್ ತೆರೆದರೆ ಒಂದು ಚಿತ್ರವೂ ಸಿಗುತ್ತಿಲ್ಲ ಎಂಬ ಸಂದೇಶ. ಚಿತ್ರಗಳೆಲ್ಲ ಡಿಸ್ಕಿನಲ್ಲೇ ಇದ್ದವು, ಆದರೆ ಪುಟ ವಿನ್ಯಾಸದ ಫೈಲು ಪ್ರತಿ ಚಿತ್ರದ ವಿಳಾಸವನ್ನು ಡ್ರೈವ್ ಅಕ್ಷರ ಸಮೇತ ನೆನಪಿಟ್ಟುಕೊಂಡಿತ್ತು. ಬೆಳಗಾಗುವವರೆಗೆ ಒಂದೊಂದನ್ನೇ ಮತ್ತೆ ಜೋಡಿಸಿದೆ. ಹಳೆಯ ಅಕ್ಷರವನ್ನು ಡಿಸ್ಕಿಗೆ ವಾಪಸ್ ಕೊಟ್ಟಿದ್ದರೆ ಒಂದು ನಿಮಿಷದ ಕೆಲಸ. ಅದಕ್ಕೇ ನಿಮಗೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹೀಗೆ ಮಾಡಿ. ಬ್ಯಾಕಪ್, ಕಾಪಿ ಏನೂ ನಡೆಯದಿರುವಾಗ ಡಿಸ್ಕ್ ಜೋಡಿಸಿ, ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಗಾತ್ರ ನೋಡಿ ನಿಮ್ಮ ಡಿಸ್ಕ್ ಯಾವುದೆಂದು ಎರಡು ಸಲ ಖಚಿತ ಮಾಡಿಕೊಳ್ಳಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ‘ಚೇಂಜ್ ಡ್ರೈವ್ ಲೆಟರ್ ಆ್ಯಂಡ್ ಪಾತ್ಸ್’, ಆಮೇಲೆ ‘ಚೇಂಜ್’. ಪಟ್ಟಿಯಲ್ಲಿ ಮತ್ತೆ ಇ ಆರಿಸಬೇಡಿ, ಅದಕ್ಕೆ ಎಲ್ಲರ ಪೈಪೋಟಿ. ಪೆನ್ ಡ್ರೈವ್‌ಗಳು ಅಷ್ಟು ದೂರ ಬರುವುದು ಅಪರೂಪ, ಆದ್ದರಿಂದ ನಾನು ಪಿ ಕೊಡುತ್ತೇನೆ. ಆಫೀಸಿನ ನೆಟ್‌ವರ್ಕ್ ಡ್ರೈವ್‌ಗಳು ಝಡ್‌ನಿಂದ ಹಿಂದಕ್ಕೆ ಬರುವುದರಿಂದ ಕೊನೆಯ ಅಕ್ಷರಗಳೂ ಬೇಡ. ಕೆಲವು ಪ್ರೋಗ್ರಾಂಗಳು ಕೆಲಸ ಮಾಡದೆ ಹೋಗಬಹುದು ಎಂಬ ಎಚ್ಚರಿಕೆ ಬರುತ್ತದೆ, ‘ಯೆಸ್’ ಒತ್ತಿ. ಫೋಟೋಗಳಿಗೆ ಏನೂ ಆಗುವುದಿಲ್ಲ. ಬ್ಯಾಕಪ್ ಸೆಟ್ಟಿಂಗಿನಲ್ಲಿ ಇ ಇದ್ದಲ್ಲೆಲ್ಲ ಪಿ ಎಂದು ತಿದ್ದಿ, ಒಮ್ಮೆ ಕೈಯಾರೆ ಓಡಿಸಿ ನೋಡಿ.

ಸಿ ಡ್ರೈವ್ ಮುಟ್ಟಬೇಡಿ, ವಿಂಡೋಸ್ ಇರುವುದೇ ಅಲ್ಲಿ. ಅದೇ ಪರದೆಯಲ್ಲಿ ಅಕ್ಷರವೇ ಇಲ್ಲದ ಇಎಫ್‌ಐ, ರಿಕವರಿ ಎಂಬ ಚಿಕ್ಕ ಭಾಗಗಳು ಕಾಣುತ್ತವೆ. ಅವು ಹಾಗೇ ಇರಲಿ. ಎಲ್ಲಾದರೂ ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳಿದರೆ ‘ಕ್ಯಾನ್ಸಲ್’ ಒತ್ತಿ ಹೊರಗೆ ಬನ್ನಿ.

ಎ, ಬಿ ಏಕೆ ಕಾಣುವುದಿಲ್ಲ ಎಂದೂ ಕೇಳಿದ್ದೀರಿ. 1981ರ ಐಬಿಎಂ ಪಿಸಿಯಲ್ಲಿ ಎರಡು ಫ್ಲಾಪಿಗಳಿಗೆ ಅವು ಮೀಸಲಾಗಿದ್ದವು. 1983ರ ಪಿಸಿ ಎಕ್ಸ್‌ಟಿಯಲ್ಲಿ 10 ಎಂಬಿ ಹಾರ್ಡ್ ಡಿಸ್ಕ್ ಬಂದಾಗ ಅದಕ್ಕೆ ಸಿಕ್ಕಿದ್ದು ಸಿ. ಫ್ಲಾಪಿ ಹೋಯಿತು, ಪದ್ಧತಿ ಉಳಿಯಿತು.

ಇನ್ನು, ಇದೇ ಡಿಸ್ಕನ್ನು ಅಣ್ಣನ ಲ್ಯಾಪ್‌ಟಾಪಿಗೂ ಹಾಕುತ್ತೇನೆ ಎಂದಿದ್ದೀರಲ್ಲ: ಯಾವ ಡಿಸ್ಕಿಗೆ ಯಾವ ಅಕ್ಷರ ಎಂಬ ಲೆಕ್ಕ ಇರುವುದು ಆಯಾ ಕಂಪ್ಯೂಟರಿನ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಜಾಗ), ಡಿಸ್ಕಿನಲ್ಲಲ್ಲ. ಹಾಗಾಗಿ ಅಲ್ಲಿಯೂ ಒಮ್ಮೆ ಪಿ ಕೊಡಬೇಕು. ವಿಂಡೋಸ್ ಹೊಸದಾಗಿ ಹಾಕಿಸಿದರೆ ಮತ್ತೊಮ್ಮೆ. ನಾನಂತೂ ಡಿಸ್ಕಿನ ಬೆನ್ನಿಗೆ ಚೀಟಿ ಅಂಟಿಸಿ ‘ಪಿ’ ಎಂದು ಬರೆದಿಟ್ಟಿದ್ದೇನೆ.